ಕೂಡುವುದೂ ಕೂಡಿಸುವುದೂ

ಕೂಡಿ ಬಾಳಿದರೆ ಸ್ವರ್ಗಸುಖವೆಂದು ನಮ್ಮ ಹಿರಿಯರು ಹೇಳಿದ್ದಾರೆ. ಆ ಮಾತನ್ನು ಅಲ್ಲಗಳೆಯತಕ್ಕವರು ಯಾರೂ ಇರಲಾರರು. ಆದರೆ ಕೂಡುವುದು ಒಂದು, ಕೂಡಿಸುವುದು ಇನ್ನೊಂದು. ಮೊದಲನೆಯದು ಒಳಗಿನ ಇಚ್ಛೆಯಿಂದ ಆಗುವಂಥದು. ಎರಡನೆಯದು ಹೊರಗಿನವರ ಲೆಕ್ಕದಿಂದ ಆಗುವಂಥದು. ಈ ಎರಡರ ಅಂತರವೇನೆಂಬುದನ್ನು ವೇಲ್ಸ್ ಎಂಬ ಸಣ್ಣ ದೇಶದ ಜನರು ತಮ್ಮ ರಗ್ಬಿ ಆಟದ ಬಯಲುಗಳಲ್ಲಿ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಅನುಭವಿಸುತ್ತ ಬಂದಿದ್ದಾರೆ. ಆ ಸಂಗತಿಯನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದು ನಮ್ಮ ಉದ್ದೇಶ. ಆಟದ ಸುದ್ದಿಗೆ ಈ ಪುಟದಲ್ಲೇನು ಕೆಲಸವೆಂದು ಕೆಲವರು ಕೇಳಿಯಾರು. ಗೆದ್ದವರಾರು, ಸೋತವರಾರು ಎಂಬ ವಿಚಾರ ಇದಲ್ಲ. ಜನರು ತಲೆಮಾರುಗಳಿಂದ ತಮ್ಮದೆಂದು ನಂಬಿಕೊಂಡು ಬಂದ ಒಂದು ವಸ್ತುವನ್ನು ಅದರ ಆಯವ್ಯಯ ನೋಡುವವರು ಮತ್ತೊಂದರೊಡನೆ ಬೆರೆಸಹೊರಟಾಗ ಏನಾಗುವುದೆಂಬುದೇ ಇಲ್ಲಿಯ ವಿಚಾರ. ಅದು ಸಂಸಾರವಂದಿಗರಿಗೆ ಹೊರತಾದ ವಿಷಯವೇನೂ ಅಲ್ಲ.

ವೇಲ್ಸ್ ದೇಶವು ಬ್ರಿಟನ್ ದ್ವೀಪದ ಪಶ್ಚಿಮ ಭಾಗದಲ್ಲಿದೆ. ೨೦೨೧ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ ಸುಮಾರು ೩೧ ಲಕ್ಷ. ಅವರಲ್ಲಿ ಬಹುಮಂದಿ ವಾಸಿಸುವುದು ದಕ್ಷಿಣದ ಕಡಲತೀರದ ಪಟ್ಟಣಗಳಲ್ಲಿಯೂ ಅವುಗಳ ಬೆನ್ನಿಗಿರುವ ಕಣಿವೆಗಳಲ್ಲಿಯೂ. ಹತ್ತೊಂಬತ್ತನೆಯ ಶತಮಾನದಲ್ಲಿ ಕಣಿವೆಗಳಲ್ಲಿ ಕಲ್ಲಿದ್ದಲಿನ ಗಣಿಗಳು ತೆರೆದವು. ಸ್ವಾನ್ಸಿ ಪಟ್ಟಣವು ತಾಮ್ರಕ್ಕೂ, ಅದರ ಪಕ್ಕದ ಲನೆಲ್ಲಿಯು ತವರ ಬಳಿದ ತಗಡಿಗೂ ಹೆಸರಾದವು. ಆ ದುಡಿಮೆಯ ಊರುಗಳಲ್ಲಿಯೇ ರಗ್ಬಿ ಆಟವು ಬೇರು ಬಿಟ್ಟಿತು. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಒಂದೊಂದು ಪಕ್ಷಕ್ಕೆ ಹದಿನೈದು ಜನರಿರುವ, ಮೈಗೆ ಮೈ ತಾಗಿಸಿ ಆಡುವ ಆಟ ಅದು. ಇಂಗ್ಲೆಂಡಿನಲ್ಲಿ ಹೆಚ್ಚಾಗಿ ದೊಡ್ಡ ಮನೆತನದ ಮಕ್ಕಳು ಓದುವ ಶಾಲೆಗಳಿಂದ ಬೆಳೆದ ಈ ಆಟವನ್ನು ವೇಲ್ಸಿನಲ್ಲಿ ಗಣಿಯ ಕೂಲಿಗಾರನೂ ಉಪಾಧ್ಯಾಯನೂ ವೈದ್ಯನೂ ಒಂದೇ ತಂಡದಲ್ಲಿ ನಿಂತು ಆಡಿದರು. ನೀತ್ ಎಂಬ ಊರಿನ ಕ್ಲಬ್ಬು ೧೮೭೧ರಲ್ಲಿ ಹುಟ್ಟಿತು. ದೇಶಕ್ಕೆಲ್ಲ ಒಂದಾದ ವೆಲ್ಷ್ ರಗ್ಬಿ ಯೂನಿಯನ್ನು ಸ್ಥಾಪಿತವಾದುದು ೧೮೮೧ರಲ್ಲಿ. ಅಂದರೆ ಊರಿನ ಕ್ಲಬ್ಬು ಮೊದಲು, ದೇಶದ ಸಂಸ್ಥೆ ಆಮೇಲೆ. ಈ ಕ್ರಮವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಒಂದೊಂದು ಊರಿಗೂ ಒಂದೊಂದು ಬಣ್ಣ, ಒಂದೊಂದು ಬಯಲು, ಒಂದೊಂದು ದೊಡ್ಡ ದಿನ. ಸ್ವಾನ್ಸಿಯವರದು ಬಿಳಿಯ ಅಂಗಿ, ನೀತ್‌ನವರದು ಕರಿಯದು, ಲನೆಲ್ಲಿಯವರದು ಕಡುಗೆಂಪು, ನ್ಯೂಪೋರ್ಟಿನವರದು ಕಪ್ಪು ಮತ್ತು ಜೇನುಬಣ್ಣ. ಲನೆಲ್ಲಿಯ ಆಟದ ಬಯಲಿನಲ್ಲಿ ಗೋಲುಕಂಬಗಳ ತುದಿಗೆ ಹಿಡಿಯುಳ್ಳ ಸಣ್ಣ ಪಾತ್ರೆಗಳನ್ನು ಸಿಕ್ಕಿಸಿರುವುದನ್ನು ಇಂದಿಗೂ ಕಾಣಬಹುದು. ತಗಡಿನ ಊರಿನ ಗುರುತು ಅದು. ಜಗತ್ತಿನಲ್ಲಿಯೇ ಬಲಿಷ್ಠವೆಂದು ಹೆಸರಾದ ನ್ಯೂಜೀಲೆಂಡಿನ ತಂಡವನ್ನು ಸ್ವಾನ್ಸಿಯು ೧೯೩೫ರಲ್ಲಿ ೧೧-೩ರಿಂದ ಸೋಲಿಸಿತು. ಆ ದಿನ ಸ್ವಾನ್ಸಿಯ ಪಕ್ಷದಲ್ಲಿ ಮುಖ್ಯವಾದ ಎರಡು ಸ್ಥಾನಗಳಲ್ಲಿ ಆಡಿದ ಹೇಡನ್ ಟ್ಯಾನರ್ ಮತ್ತು ವಿಲೀ ಡೇವಿಸ್ ಎಂಬ ಬಂಧುಗಳಿಬ್ಬರೂ ಇನ್ನೂ ಶಾಲೆಯಲ್ಲಿ ಓದುತ್ತಿದ್ದ ಹುಡುಗರು. ಕಾರ್ಡಿಫ್ ತಂಡವು ೧೯೫೩ರಲ್ಲಿ ಅದೇ ನ್ಯೂಜೀಲೆಂಡನ್ನು ೮-೩ರಿಂದ ಗೆದ್ದಿತು. ನ್ಯೂಪೋರ್ಟು ೧೯೬೩ರಲ್ಲಿ ೩-೦ಯಿಂದ ಗೆದ್ದಿತು. ಆ ದೀರ್ಘ ಪ್ರವಾಸದಲ್ಲಿ ನ್ಯೂಜೀಲೆಂಡಿನವರು ಸೋತದ್ದು ಅದೊಂದೇ ಪಂದ್ಯ. ಲನೆಲ್ಲಿಯ ಸರದಿ ೧೯೭೨ರ ಅಕ್ಟೋಬರ್ ೩೧ರಂದು ಬಂದಿತು, ಅಂಕ ೯-೩. ದೊಡ್ಡ ದೊಡ್ಡ ದೇಶಗಳಿಗೆ ಸಾಧ್ಯವಾಗದುದನ್ನು ನಮ್ಮೂರು ಮಾಡಿತೆಂಬ ಹೆಮ್ಮೆ ಅಲ್ಲಿ ತಂದೆಯಿಂದ ಮಗನಿಗೆ, ಅಜ್ಜಿಯಿಂದ ಮೊಮ್ಮಗಳಿಗೆ ಇಳಿದು ಬಂದಿದೆ. ಗಣಿಗಳು ಮುಚ್ಚಿದವು, ಕಾರ್ಖಾನೆಗಳು ಕಡಿಮೆಯಾದವು, ಪ್ರಾರ್ಥನಾಮಂದಿರಗಳಲ್ಲಿ ಜನ ವಿರಳವಾದರು. ಊರು ಊರೆಂದು ಒಟ್ಟಾಗಿ ಸೇರುವ ಸ್ಥಳ ಅನೇಕ ಕಡೆಗಳಲ್ಲಿ ಆಟದ ಬಯಲೊಂದೇ ಉಳಿಯಿತು.

ಹಣದ ಪ್ರಶ್ನೆ ಎದ್ದುದು ೧೯೯೫ರಲ್ಲಿ. ಅಲ್ಲಿಯವರೆಗೆ ಆಟಗಾರರಿಗೆ ಸಂಬಳವಿರಲಿಲ್ಲ. ಆ ವರ್ಷ ರಗ್ಬಿಯು ವೃತ್ತಿಯ ಆಟವಾಯಿತು. ಇಂಗ್ಲೆಂಡ್ ಮತ್ತು ಫ್ರಾನ್ಸಿನ ಶ್ರೀಮಂತ ಕ್ಲಬ್ಬುಗಳು ಒಳ್ಳೆಯ ಆಟಗಾರರನ್ನು ಹೆಚ್ಚಿನ ಸಂಬಳ ಕೊಟ್ಟು ಸೆಳೆಯತೊಡಗಿದವು. ಮೂವತ್ತು ಲಕ್ಷ ಜನರಿರುವ ದೇಶದಲ್ಲಿ ಒಂಬತ್ತು ಕ್ಲಬ್ಬುಗಳು ಇಂಥ ಸಂಬಳದ ಹೊರೆಯನ್ನು ಹೊರಲಾರವೆಂದು ಯೂನಿಯನ್ನು ಲೆಕ್ಕ ಹಾಕಿತು. ಅದರ ಮುಖ್ಯ ಕಾರ್ಯನಿರ್ವಾಹಕರಾಗಿದ್ದ ಡೇವಿಡ್ ಮಾಫೆಟ್ ಎಂಬವರ ಕಾಲದಲ್ಲಿ, ೨೦೦೩ರಲ್ಲಿ, ಒಂಬತ್ತನ್ನು ಐದು ಮಾಡಲಾಯಿತು. ಕಾರ್ಡಿಫ್ ಮತ್ತು ಲನೆಲ್ಲಿ ಪ್ರತ್ಯೇಕವಾಗಿಯೇ ನಿಂತುವು. ನ್ಯೂಪೋರ್ಟು ಸುತ್ತಲಿನ ಗ್ವೆಂಟ್ ಪ್ರಾಂತದೊಡನೆ ಸೇರಿ ಡ್ರ್ಯಾಗನ್ಸ್ ಆಯಿತು. ನೀತ್ ಮತ್ತು ಸ್ವಾನ್ಸಿ ಸೇರಿ ಆಸ್ಪ್ರೀಸ್ ಎಂಬ ತಂಡವಾಯಿತು. ಪಾಂಟಿಪ್ರೀದ್ ಮತ್ತು ಬ್ರಿಜೆಂಡ್ ಸೇರಿ ಕೆಲ್ಟಿಕ್ ವಾರಿಯರ್ಸ್ ಎಂಬ ತಂಡವಾಯಿತು. ಹಳೆಯ ಕ್ಲಬ್ಬುಗಳು ಕೆಳಗಿನ ಮಟ್ಟದ ಪಂದ್ಯಗಳನ್ನು ಆಡುತ್ತ ಉಳಿದುವು. ಆದರೆ ದೊಡ್ಡ ಆಟವು ಅವುಗಳ ಕೈ ಬಿಟ್ಟಿತು.

ಈ ಏರ್ಪಾಡಿನಲ್ಲಿ ಒಳ್ಳೆಯದೇನೂ ಇರಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ನೀತ್ ಮತ್ತು ಸ್ವಾನ್ಸಿ ಹತ್ತು ಮೈಲಿಯೊಳಗಿನ ನೆರೆಯೂರುಗಳು. ಆಟದಲ್ಲಿ ಅವುಗಳ ವೈರ ಹೆಸರಾದುದು. ಆದರೂ ಸೇರುವಾಗ ಒಂದು ವಿವೇಕ ನಡೆಯಿತು. ಮೀನು ಹಿಡಿಯುವ ಗಿಡುಗದ ಹೆಸರು ಸ್ವಾನ್ಸಿ ಕ್ಲಬ್ಬಿನ ಲಾಂಛನದಿಂದ ಬಂದಿತು. ಕರಿಯ ಅಂಗಿ ನೀತ್‌ನ ಬಣ್ಣವನ್ನು ನೆನಪಿಗೆ ತಂದಿತು. ಮೊದಲಲ್ಲಿ ಎರಡು ಊರುಗಳ ಬಯಲುಗಳಲ್ಲಿಯೂ ಪಂದ್ಯಗಳು ನಡೆದುವು. ೨೦೦೫ರಲ್ಲಿ ಸ್ವಾನ್ಸಿಯ ಹೊಸ ಕ್ರೀಡಾಂಗಣಕ್ಕೆ ತಂಡವು ಹೋಯಿತು. ೨೦೦೫, ೨೦೦೭, ೨೦೧೦, ೨೦೧೨ - ಈ ನಾಲ್ಕು ವರ್ಷಗಳಲ್ಲಿ ಆಸ್ಪ್ರೀಸ್ ತನ್ನ ಲೀಗಿನ ಪ್ರಶಸ್ತಿಯನ್ನು ಗೆದ್ದಿತು. ೨೦೦೮ರಲ್ಲಿ ಇಂಗ್ಲೆಂಡಿನ ಮೇಲೆ ಟ್ವಿಕನ್‌ಹ್ಯಾಮ್‌ನಲ್ಲಿ ವೇಲ್ಸ್ ಆಡಿ ಗೆದ್ದ ಪಂದ್ಯವನ್ನು ಆರಂಭಿಸಿದ ಹದಿನೈದು ಜನರಲ್ಲಿ ಹದಿಮೂರು ಮಂದಿ ಈ ಒಂದೇ ತಂಡದವರು. ಆ ವರ್ಷಗಳಲ್ಲಿ ಬೆಳೆದ ಮಕ್ಕಳಿಗೆ ಆಸ್ಪ್ರೀಸ್ ಎಂಬುದು ಕಾಗದದ ಮೇಲಿನ ಒಪ್ಪಂದವಾಗಿ ತೋರಲಿಲ್ಲ. ತಮ್ಮ ತಂಡವಾಗಿಯೇ ತೋರಿತು. ಕೂಡಿಸಿದುದೂ ಕೂಡಬಲ್ಲುದು. ಆದರೆ ಅದಕ್ಕೆ ಕಾಲ ಬೇಕು, ಎರಡು ಕಡೆಯ ಗುರುತಿಗೂ ಮರ್ಯಾದೆ ಬೇಕು, ಗೆಲುವೂ ಬೇಕು.

ಇನ್ನೊಂದು ಕೂಡಿಕೆಯ ಕಥೆ ಬೇರೆ. ಪಾಂಟಿಪ್ರೀದ್ ಕಣಿವೆಗಳ ಬಾಯಲ್ಲಿರುವ ಊರು. ವೇಲ್ಸಿನ ರಾಷ್ಟ್ರಗೀತೆಯನ್ನು ಇವಾನ್ ಜೇಮ್ಸ್, ಜೇಮ್ಸ್ ಜೇಮ್ಸ್ ಎಂಬ ತಂದೆಮಕ್ಕಳು ೧೮೫೬ರಲ್ಲಿ ರಚಿಸಿದುದು ಆ ಊರಿನಲ್ಲಿಯೇ. ೧೯೯೭ರಲ್ಲಿ ದೇಶದ ಲೀಗಿನ ಪ್ರಶಸ್ತಿಯನ್ನು ಗೆದ್ದ ಕ್ಲಬ್ಬು ಅದು. ಬ್ರಿಜೆಂಡಿನೊಡನೆ ಸೇರಿಸಿದ ಮೇಲೆ ಪಂದ್ಯಗಳಲ್ಲಿ ಹೆಚ್ಚಿನವು ಬ್ರಿಜೆಂಡಿನಲ್ಲಿಯೇ ನಡೆದುವು. ಪಾಂಟಿಪ್ರೀದಿನ ಅಭಿಮಾನಿಗೆ ತನ್ನ ತಂಡವೇ ಪರಸ್ಥಳದ್ದಾಯಿತು. ಹಾಗಿದ್ದರೂ ತಂಡವು ಚೆನ್ನಾಗಿಯೇ ಆಡಿತು. ಹನ್ನೆರಡು ತಂಡಗಳ ಲೀಗಿನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಆದರೆ ಹಣದ ತೊಂದರೆಯಿಂದ ಅದರ ಒಡೆತನ ಕೈಯಿಂದ ಕೈಗೆ ಹೋಗಿ, ೨೦೦೪ರ ಬೇಸಗೆಯಲ್ಲಿ, ಒಂದೇ ವರ್ಷದ ಆಯುಸ್ಸಿನ ಬಳಿಕ, ತಂಡವನ್ನು ಮುಚ್ಚಲಾಯಿತು. ಆಟಗಾರರು ಉಳಿದ ತಂಡಗಳಿಗೂ ಹೊರದೇಶಗಳಿಗೂ ಚದರಿದರು. ರಾಷ್ಟ್ರಗೀತೆಯ ತವರೂರು ದೊಡ್ಡ ಆಟವನ್ನು ನೋಡಬೇಕಾದರೆ ಬೇರೆಯವರ ಊರಿಗೆ ಹೋಗಬೇಕಾಯಿತು. ಅಲ್ಲಿಯವರಲ್ಲಿ ಅನೇಕರು ಹೋಗಲೂ ಇಲ್ಲ. ಎರಡು ಊರುಗಳನ್ನು ಒಂದರೊಳಗೆ ಸೇರಿಸಿ, ಆ ಒಂದನ್ನು ಮುಚ್ಚಿದರೆ, ಎರಡೂ ಊರುಗಳು ಹೋದಂತೆಯೇ ಆಯಿತಷ್ಟೆ.

ಈ ಗಾಯವು ಮಾಯುವ ಮುನ್ನವೇ ೨೦೧೯ರ ಮಾರ್ಚ್ ತಿಂಗಳಲ್ಲಿ ಮತ್ತೊಂದು ಪ್ರಸ್ತಾಪ ಹೊರಬಿದ್ದಿತು. ಲನೆಲ್ಲಿಯ ಸ್ಕಾರ್ಲೆಟ್ಸ್ ತಂಡವನ್ನೂ ಸ್ವಾನ್ಸಿಯ ಆಸ್ಪ್ರೀಸ್ ತಂಡವನ್ನೂ ಒಂದು ಮಾಡುವುದೆಂಬುದೇ ಅದು. ವೇಲ್ಸಿನ ಪಶ್ಚಿಮದ ಈ ಎರಡು ಊರುಗಳು ಹಳೆಯ ಪ್ರತಿಸ್ಪರ್ಧಿಗಳು. ಸಮಯವಾದರೂ ಎಂಥದು! ವೇಲ್ಸ್ ತಂಡವು ಆರು ದೇಶಗಳ ಪಂದ್ಯಾವಳಿಯಲ್ಲಿ ಎಲ್ಲರನ್ನೂ ಸೋಲಿಸುವ ಹಾದಿಯಲ್ಲಿದ್ದ ವಾರಗಳವು. ಆ ತಂಡದಲ್ಲಿದ್ದ ಆಟಗಾರರಲ್ಲಿ ಹಲವರು ಇದೇ ಎರಡು ತಂಡಗಳವರು. ಆಸ್ಪ್ರೀಸ್ ತಂಡದ ಅಧ್ಯಕ್ಷರಾಗಿದ್ದ ಮೈಕ್ ಜೇಮ್ಸ್ ಎಂಬವರು ಯೂನಿಯನ್ನಿನ ನಡವಳಿಕೆಯನ್ನು ಕಟುವಾಗಿ ಖಂಡಿಸಿ ರಾಜೀನಾಮೆ ಕೊಟ್ಟರು. ಎರಡು ಕಡೆಯ ಅಭಿಮಾನಿಗಳೂ ಸಿಟ್ಟಿಗೆದ್ದರು. ನೂರು ವರ್ಷ ಒಬ್ಬರನ್ನೊಬ್ಬರು ಹಂಗಿಸಿಕೊಂಡು ಬಂದವರು ಈ ಒಂದು ಮಾತಿನಲ್ಲಿ ಮಾತ್ರ ಏಕಾಭಿಪ್ರಾಯದವರಾದರು: ನಮ್ಮನ್ನು ಅವರೊಡನೆ ಬೆರೆಸಬೇಡಿ. ಕೆಲವೇ ದಿನಗಳಲ್ಲಿ ಪ್ರಸ್ತಾಪವು ಬಿದ್ದುಹೋಯಿತು. ಅದೇ ಮಾರ್ಚ್ ೧೬ರಂದು ಕಾರ್ಡಿಫಿನಲ್ಲಿ ವೇಲ್ಸ್ ಐರ್ಲೆಂಡನ್ನು ೨೫-೭ರಿಂದ ಸೋಲಿಸಿ ಪಂದ್ಯಾವಳಿಯನ್ನು ಒಂದೂ ಸೋಲಿಲ್ಲದೆ ಮುಗಿಸಿತು.

ಹಣದ ಕಷ್ಟ ಮಾತ್ರ ಬಿದ್ದುಹೋಗಲಿಲ್ಲ. ೨೦೨೫ರ ಏಪ್ರಿಲಿನಲ್ಲಿ ಕಾರ್ಡಿಫ್ ತಂಡವು ದಿವಾಳಿಯ ಅಂಚಿಗೆ ಬಂದು, ಯೂನಿಯನ್ನೇ ಅದನ್ನು ವಹಿಸಿಕೊಳ್ಳಬೇಕಾಯಿತು. ಅದೇ ವರ್ಷದ ಆಗಸ್ಟಿನಲ್ಲಿ, ನಾಲ್ಕು ತಂಡಗಳ ಬದಲು ಎರಡೇ ಇರಲೆಂಬ ಆಲೋಚನೆಯನ್ನು ಯೂನಿಯನ್ನು ಜನರ ಮುಂದಿಟ್ಟಿತು. ವಿರೋಧವು ಬಲವಾಗಿ ಎದ್ದಿತು. ಅಭಿಪ್ರಾಯಗಳನ್ನು ಕೇಳಿದ ನಂತರ, ಅಕ್ಟೋಬರಿನಲ್ಲಿ, ಮೂರು ತಂಡಗಳೆಂದು ನಿರ್ಧಾರ ಪ್ರಕಟವಾಯಿತು: ಕಾರ್ಡಿಫಿಗೆ ಒಂದು, ಪೂರ್ವಕ್ಕೆ ಒಂದು, ಪಶ್ಚಿಮಕ್ಕೆ ಒಂದು. ಪಶ್ಚಿಮದಲ್ಲಿ ಇರುವುವು ಎರಡು, ಪರವಾನಗಿ ಒಂದು. ಹೀಗಾಗಿ ೨೦೧೯ರ ಪ್ರಶ್ನೆಯೇ ಬೇರೆ ಬಾಗಿಲಿನಿಂದ ಮತ್ತೆ ಒಳಗೆ ಬಂದಿತು.

ಇಂಥ ಸುದ್ದಿ ಬಂದಾಗಲೆಲ್ಲ ಅಭಿಮಾನಿಗಳು ಕೇಳುವ ಪ್ರಶ್ನೆಗಳು ಮೂರು. ಹೆಸರೇನು? ಅಂಗಿಯ ಬಣ್ಣವೇನು? ಯಾವ ಬಯಲಿನಲ್ಲಿ ಆಟ? ಲೆಕ್ಕಪತ್ರ ನೋಡುವವರಿಗೆ ಇವು ಹುಡುಗಾಟದ ಪ್ರಶ್ನೆಗಳಾಗಿ ಕಾಣುವುದು ಸಹಜ. ಕೋಟಿಗಟ್ಟಲೆ ಹಣದ ಮಾತು ನಡೆಯುತ್ತಿರುವಾಗ ಬಟ್ಟೆಯ ಬಣ್ಣವೇನು ದೊಡ್ಡದು? ನಾವು ಹಾಗೆಣಿಸುವುದಿಲ್ಲ. ಹೆಸರಿನಲ್ಲಿ ಊರಿದೆ, ಬಣ್ಣದಲ್ಲಿ ಹಿರಿಯರ ನೆನಪಿದೆ, ಬಯಲಿನಲ್ಲಿ ತಂದೆಯು ಕೈಹಿಡಿದು ಕರೆತಂದು ನಿಲ್ಲಿಸಿದ ಜಾಗವಿದೆ. ಈ ಮೂರನ್ನೂ ತೆಗೆದುಬಿಟ್ಟರೆ ಉಳಿಯುವುದು ಸಂಬಳ ಪಡೆಯುವ ಮೂವತ್ತು ನಲವತ್ತು ಆಟಗಾರರು ಮಾತ್ರ. ಅವರು ಇಂದು ಇಲ್ಲಿ, ನಾಳೆ ಇನ್ನೆಲ್ಲಿಯೋ. ಹಾಗಾದರೆ ಅಭಿಮಾನಿಯು ಅಭಿಮಾನ ಪಡಬೇಕಾದುದು ಯಾವುದರಲ್ಲಿ?

ಇಲ್ಲಿಯೇ ಲೆಕ್ಕದವರು ಎಡವುವುದು. ಉದಾಹರಣೆಗೆ, ಒಂದು ತಂಡದ ಆಟವನ್ನು ಆರು ಸಾವಿರ ಜನರೂ ಇನ್ನೊಂದರ ಆಟವನ್ನು ಏಳು ಸಾವಿರ ಜನರೂ ನೋಡುವರೆನ್ನೋಣ. ಇವೆರಡನ್ನು ಕೂಡಿಸಿದರೆ ಹದಿಮೂರು ಸಾವಿರವೆಂದು ಕಾಗದ ಹೇಳುತ್ತದೆ. ಆದರೆ ಅಭಿಮಾನದಲ್ಲಿ ಅರ್ಧ ತನ್ನವರ ಮೇಲಣ ಪ್ರೀತಿ, ಇನ್ನರ್ಧ ಎದುರಿನವರ ಮೇಲಣ ಛಲ. ಎದುರಾಳಿಗಳಿಬ್ಬರನ್ನೂ ಒಂದೇ ಅಂಗಿಯೊಳಗೆ ತೂರಿಸಿದಾಗ ಛಲಕ್ಕೆ ಎದುರಿಲ್ಲವಾಗುತ್ತದೆ, ಪ್ರೀತಿಗೆ ಹೆಸರಿಲ್ಲವಾಗುತ್ತದೆ. ಹದಿಮೂರು ಸಾವಿರದ ಬದಲು ಎಂಟು ಸಾವಿರವೇ ಬಂದರೂ ಆಶ್ಚರ್ಯಪಡಬೇಕಾದುದಿಲ್ಲ. ಇದಲ್ಲದೆ, ಕ್ರಿಸ್‌ಮಸ್ ಹಬ್ಬದ ಆಸುಪಾಸಿನಲ್ಲಿ ನಡೆಯುವ ನೆರೆಯೂರುಗಳ ಪಂದ್ಯಗಳಿಗೆ ಸೇರುವಷ್ಟು ಜನ ಉಳಿದ ದಿನಗಳಲ್ಲಿ ಸಾಮಾನ್ಯವಾಗಿ ಸೇರುವುದಿಲ್ಲ. ನೆರೆಯವರಿಬ್ಬರನ್ನು ಒಂದು ಮಾಡಿದರೆ ವರ್ಷದ ಒಳ್ಳೆಯ ಗಳಿಕೆಯ ದಿನವನ್ನೇ ಕಳೆದುಕೊಂಡಂತಾಗುವುದು.

ಯೂನಿಯನ್ನಿನ ಪಕ್ಷದಲ್ಲಿ ಹೇಳತಕ್ಕ ಮಾತುಗಳೂ ಉಂಟು. ಪಕ್ಕದ ಸ್ಕಾಟ್‌ಲೆಂಡಿನಲ್ಲಿ ೧೯೯೮ರಲ್ಲಿ ನಾಲ್ಕು ತಂಡಗಳನ್ನು ಎರಡಕ್ಕೆ ಇಳಿಸಿದರು. ಆ ಎರಡರಲ್ಲಿ ಒಂದಾದ ಗ್ಲಾಸ್ಗೋ ೨೦೧೫ರಲ್ಲಿಯೂ ೨೦೨೪ರಲ್ಲಿಯೂ ಲೀಗಿನ ಪ್ರಶಸ್ತಿಯನ್ನು ಗೆದ್ದಿತು. ಇರುವ ಹಣವನ್ನು ಕಡಿಮೆ ತಂಡಗಳಿಗೆ ಹಂಚಿದರೆ ಒಂದೊಂದೂ ಬಲವಾಗುವುದೆಂಬ ವಾದ ಆದಕಾರಣ ಪೊಳ್ಳಲ್ಲ. ಆದರೆ ಅದೇ ದೇಶದ ಗಡಿನಾಡಿನಲ್ಲಿ, ಏಳು ಜನರ ರಗ್ಬಿಯು ೧೮೮೩ರಲ್ಲಿ ಹುಟ್ಟಿದ ಮೆಲ್ರೋಸ್ ಊರಿರುವ ಸೀಮೆಯಲ್ಲಿ, ೨೦೦೨ರಲ್ಲಿ ಮತ್ತೆ ಆರಂಭಿಸಿದ ತಂಡವನ್ನು ೨೦೦೭ರಲ್ಲಿ ಮುಚ್ಚಿದುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇನ್ನು ಐರ್ಲೆಂಡಿನಲ್ಲಿ ನಾಲ್ಕು ತಂಡಗಳು ಭದ್ರವಾಗಿ ನಿಂತಿವೆಯೆಂದು ಕೆಲವರು ತೋರಿಸುತ್ತಾರೆ. ನಿಜ, ಆದರೆ ಲೆನ್ಸ್ಟರ್, ಮನ್ಸ್ಟರ್, ಅಲ್ಸ್ಟರ್, ಕಾನಾಕ್ಟ್ ಎಂಬುವು ರಗ್ಬಿಗಾಗಿ ಎಳೆದ ಗೆರೆಗಳಲ್ಲ. ಅವು ಆ ದೇಶದ ಪುರಾತನ ಪ್ರಾಂತಗಳು. ಜನರ ಮನಸ್ಸಿನಲ್ಲಿ ಆ ಗಡಿಗಳು ಆಟಕ್ಕಿಂತ ಮೊದಲೇ ಇದ್ದುವು. ವೇಲ್ಸಿನಲ್ಲಿ ಮನಸ್ಸಿನ ಗಡಿಯೆಂದರೆ ಊರಿನ ಗಡಿಯೇ. ಅಲ್ಲಿ ಪ್ರಾಂತವನ್ನು ಕಾಗದದ ಮೇಲೆ ಬರೆಯಬೇಕಾಯಿತು. ಬರೆದುದನ್ನು ಜನರು ತಮ್ಮದಾಗಿ ಮಾಡಿಕೊಳ್ಳುವಷ್ಟರಲ್ಲಿಯೇ ಮತ್ತೆ ಅಳಿಸಿ ಬರೆಯಲು ಹೊರಟರೆ ಜನರು ನಂಬುವುದು ಹೇಗೆ?

ಅಭಿಮಾನಿಗಳಿಗೂ ನಮ್ಮ ಒಂದು ಮಾತುಂಟು. ತಂಡವು ಸಾಯುವ ಸುದ್ದಿ ಬಂದಾಗ ಬೀದಿಗಿಳಿದು ಕೂಗುವುದು ಸುಲಭ. ಮಳೆ ಸುರಿಯುವ ಶುಕ್ರವಾರದ ರಾತ್ರಿ, ತಂಡವು ಸಾಲಾಗಿ ಸೋಲುತ್ತಿರುವಾಗ, ಟಿಕೇಟು ಕೊಂಡು ಬಂದು ನಿಲ್ಲುವುದು ಕಷ್ಟ. ಅಭಿಮಾನದಿಂದ ಮಾತ್ರವೇ ಆಟಗಾರರ ಸಂಬಳ ಹುಟ್ಟುವುದಿಲ್ಲ. ಮನೆಯ ಹಿರಿಯರ ಆಸ್ತಿಯನ್ನು ಮಾರಬಾರದೆಂದು ಹಟ ಹಿಡಿದು, ಅದರ ಕಂದಾಯ ಕಟ್ಟುವ ಹೊತ್ತಿಗೆ ಕಣ್ಮರೆಯಾಗುವ ದಾಯಾದಿಯ ಹಟವು ನ್ಯಾಯವಾದುದೆಂದು ಯಾರೂ ಹೇಳರು. ತಂಡ ತಮ್ಮದೆಂದು ಹೇಳುವವರು ಅದರ ಹೊರೆಯಲ್ಲಿಯೂ ಪಾಲು ಹೊರಬೇಕು. ಹೊರುವವರು ಅನೇಕರಿದ್ದಾರೆಂಬುದನ್ನೂ ನಾವು ಬಲ್ಲೆವು. ವಿರೋಧದ ಧ್ವನಿಯಲ್ಲಿ ತೂಕವಿರುವುದು ಅಂಥವರಿಂದಲೇ.

ಆದರೆ ದೊಡ್ಡ ಹೊಣೆ ಅಧಿಕಾರಸ್ಥರದೇ. ಆಟದ ತಂಡಕ್ಕೆ ಕಾನೂನಿನಂತೆ ಒಡೆಯನೊಬ್ಬನಿರುತ್ತಾನೆ. ಅದನ್ನು ಉಳಿಸಿಕೊಂಡು ಬಂದವರೋ ಆ ಒಡೆತನದ ಪತ್ರದಲ್ಲಿ ಹೆಸರಿಲ್ಲದ ಸಾವಿರಾರು ಜನ. ಪತ್ರದಲ್ಲಿ ಹೆಸರಿಲ್ಲವೆಂದು ಅವರ ಮಾತಿಗೆ ಬೆಲೆಯಿಲ್ಲವೆಂದುಕೊಂಡರೆ, ಅವರು ಮೆಲ್ಲಗೆ ಎದ್ದು ಹೊರಟುಹೋಗುತ್ತಾರೆ. ಪಾಂಟಿಪ್ರೀದಿನಲ್ಲಿ ಆದುದು ಅದೇ. ಕೂಗುವ ಅಭಿಮಾನಿಯನ್ನು ಕಂಡು ಯೂನಿಯನ್ನು ಹೆದರಬೇಕಾಗಿಲ್ಲ. ಕೂಗುವವನಿಗೆ ಇನ್ನೂ ಆಸೆಯಿದೆ. ಹೆದರಬೇಕಾದುದು ಸುಮ್ಮನಾದವನನ್ನು ಕಂಡು.

ಆದುದರಿಂದ ತಂಡಗಳನ್ನು ಸೇರಿಸಲೇಬೇಕಾಗಿ ಬಂದಲ್ಲಿ ನಮ್ಮ ಸಲಹೆ ಇಷ್ಟು. ಸುದ್ದಿಯು ಸೋರಿ ಹೊರಬೀಳುವುದಕ್ಕೆ ಮುಂಚೆ, ನಿರ್ಧಾರವು ಮುಗಿದ ಮೇಲಲ್ಲ, ಅದಕ್ಕೂ ಮೊದಲೇ, ಎರಡು ಊರುಗಳ ಜನರನ್ನೂ ಕರೆದು ಲೆಕ್ಕವನ್ನು ತೆರೆದು ತೋರಿಸಬೇಕು. ಹೆಸರು, ಬಣ್ಣ, ಬಯಲು - ಈ ಮೂರರಲ್ಲಿ ಒಂದೊಂದನ್ನಾದರೂ ಇಬ್ಬರಿಗೂ ಉಳಿಸಬೇಕು. ಒಂದು ಸಲ ಮಾಡಿದ ಏರ್ಪಾಡನ್ನು ಒಂದು ತಲೆಮಾರಿನ ಕಾಲವಾದರೂ ಕೆಡಿಸದಿರಬೇಕು. ನೀತ್ ಮತ್ತು ಸ್ವಾನ್ಸಿಯ ಕೂಡಿಕೆ ಫಲ ಕೊಟ್ಟುದು ಅದಕ್ಕೆ ಇಷ್ಟಾದರೂ ಮರ್ಯಾದೆ ದೊರೆತುದರಿಂದ. ಆ ತಂಡದೊಡನೆ ಬೆಳೆದ ಮಕ್ಕಳು ಈಗ ತಮ್ಮ ಮಕ್ಕಳ ಕೈ ಹಿಡಿದು ಕ್ರೀಡಾಂಗಣಕ್ಕೆ ಬರುವ ವಯಸ್ಸಿನವರು. ಅವರ ತಂದೆಯಂದಿರು ಒಮ್ಮೆ ಕಳೆದುಕೊಂಡುದನ್ನು ಅವರೂ ಕಳೆದುಕೊಳ್ಳಬೇಕೆ ಎಂಬುದೇ ಅಲ್ಲಿಯ ಜನರ ಮುಂದಿರುವ ಪ್ರಶ್ನೆ. ಅದಕ್ಕೆ ಉತ್ತರ ಹೇಳುವವರು ಲೆಕ್ಕದ ಪುಸ್ತಕವನ್ನು ಮುಚ್ಚಿ ಒಂದು ಶನಿವಾರ ಬಯಲಿನ ಅಂಚಿನಲ್ಲಿ ಆ ಜನರ ನಡುವೆ ನಿಂತು ಬರುವುದು ಮೇಲು.